ಒಡೆಯರ ಮಗನ ಕಾಲು

ಚೌಕಾಶಿಯಲ್ಲಿ ಯಾರ ಮುಖವನ್ನೂ ನೋಡಬೇಡಿ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುವ ನಾನು, ಹರಳೆಣ್ಣೆಯ ವಾಸನೆ ಬಂದರೆ ಇವತ್ತಿಗೂ ಸುಮ್ಮನಾಗುತ್ತೇನೆ.

ಅರವತ್ತರ ದಶಕ. ಹೊಸನಗರದ ಹತ್ತಿರದ ನಮ್ಮೂರಿನಲ್ಲಿ ಕಬಡ್ಡಿ ಸಂಘ ಕಟ್ಟಿದವರಲ್ಲಿ ಅಪ್ಪನೂ ಒಬ್ಬ. ಮಂಡಿಗೆ ಹರಳೆಣ್ಣೆ ತಿಕ್ಕಿ ಕಣಕ್ಕಿಳಿದರೆ ಅವನ ಕೈಯಿಂದ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆ ಮಧ್ಯಾಹ್ನ ಫೈನಲ್‌ನಲ್ಲಿ ಕೊನೆಗೆ ಕಬಡ್ಡಿ ಹೇಳುತ್ತ ಬಂದವನು ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಯ ಒಡೆಯರ ಮಗ. ಅವನನ್ನು ಹಿಡಿದರೆ ಕಪ್ ನಮ್ಮದು. ಅಪ್ಪ ಕಾಲು ಹಿಡಿದೇಬಿಟ್ಟ.

“ಯಾರ ಕಾಲು ಅಂತ ಗೊತ್ತುಂಟಲ್ಲನಾ?” ಕಣದ ಪಕ್ಕ ಕೂತಿದ್ದ ಒಡೆಯರು ಕುರ್ಚಿಯಿಂದಲೇ ನಕ್ಕರು.

ಅಪ್ಪ ಕೈಬಿಟ್ಟ. “ಪೆಟ್ಟಾಯ್ತಾ ಸಣ್ಣೊಡೇರೇ?” ಎಂದು ಬೇರೆ ಕೇಳಿದ. ಜನ ಹೋ ಎಂದು ನಕ್ಕರು.

ದಾರಿಯಲ್ಲಿ ಅಪ್ಪ, “ನಾಳೆ ಅವ್ರ ಗದ್ದೇನೇ ಹೂಡ್ಬೇಕಲ್ಲೋ ಮಗಾ” ಎಂದ. ನಾನು ಬೇರೆ ಯಾರದೋ ಮಗನಂತೆ ಮುಂದೆ ನಡೆದೆ.