ಮೂವತ್ತೇಳು ಟ್ಯಾಂಕು

“ಇಪ್ಪತ್ತು ಕೋಟಿ ಸಾಲು ಮಾಹಿತೀನ ನಿನ್ನ ಲ್ಯಾಪ್‌ಟಾಪಿಗೆ ಎಳೀತಿದ್ದೀಯಲ್ಲ, ತಲೇಲಿ ಮೆದುಳಿದೆಯಾ ಮಣ್ಣಿದೆಯಾ? ಲೆಕ್ಕ ಅಲ್ಲೇ ಕ್ಲೌಡ್ ಸರ್ವರಿನಲ್ಲೇ ಮಾಡ್ಸು, ಉತ್ತರ ಮಾತ್ರ ಇಳಿಸ್ಕೋ!” ರುದ್ರಮುನಿ ಗುಡುಗಿದ.

ಕುಡಿಯುವ ನೀರಿಗೆ ಕಾರ್ಖಾನೆಯ ವಿಷ ಸೇರಿತ್ತು. ಯಾವ ಯಾವ ಟ್ಯಾಂಕಿಗೆ ಸೇರಿದೆಯೆಂದು ಸೆನ್ಸರುಗಳು ಕಳಿಸಿದ ಮಾಹಿತಿಯಲ್ಲಿ ಹುಡುಕುವುದು ಅವರಿಬ್ಬರ ಕೆಲಸ.

“ಲೆಕ್ಕ ಮಾಡೋ ಸರ್ವರು ಬೆಳಗಿಂದ ಸತ್ತು ಬಿದ್ದಿದೆ ಸರ್, ಮಾಹಿತಿ ಇಳಿಸ್ಕೊಳ್ಳೋಕೆ ಮಾತ್ರ ಆಗ್ತಿದೆ, ನಾನೇನ್ ಮಾಡ್ಲಿ?” ಎಂದಳು ಶಕೀಲಾ.

“ಸರಿ ಅತ್ಲಾಗೆ!” ಅವಳನ್ನು ಎಬ್ಬಿಸಿ ತಾನೇ ಕೂತು ಲೆಕ್ಕದ ಪ್ರೋಗ್ರಾಮನ್ನು ಪೈಥಾನಿನಲ್ಲಿ ಹೊಸದಾಗಿ ಬರೆದ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಎರಡೇ ಟ್ಯಾಂಕು. ಅವನ ಬೀದಿಯದು ಅದರಲ್ಲಿರಲಿಲ್ಲ.

“ಇಷ್ಟು ಬೇಗ ಬಂತಾ? ಇನ್ನೊಂದ್ಸಲ ನೋಡೋಣ ಸರ್.”

“ನಂಗೇ ಪಾಠ ಹೇಳ್ತೀಯಾ? ಬಾಯ್ಮುಚ್ಚು!” ಎಂದವನೇ ಮನೆಗೆ, ಹೆಂಡತಿಗೆ ಫೋನು ಮಾಡಿದ. ಜ್ವರದ ಮಗಳು ಬೆಳಗಿನಿಂದ ನೀರು ನೀರು ಎಂದು ಅಳುತ್ತಿದ್ದಳು. ಊರಿನ ಅಂಗಡಿಗಳಲ್ಲಿ ಒಂದು ಬಾಟಲಿಯೂ ಉಳಿದಿರಲಿಲ್ಲ. “ನಮ್ ಟ್ಯಾಂಕಿಗೆ ಏನೂ ಆಗಿಲ್ಲ ಕಣೆ. ಕುಡಿಸು, ಪಾಪ.”

ಶಕೀಲಾ ಪರದೆಯತ್ತ ಬಾಗಿದಳು. “ಸರ್, ಪರೀಕ್ಷೆಗೆ ಅಂತ ಮೊದಲ ಸಾವಿರ ಸಾಲು ಮಾತ್ರ ತಗೊಂಡಿದ್ರಲ್ಲ, ಆ ಮಿತಿ ಇನ್ನೂ ಇಲ್ಲೇ ಇದೆ. ತೆಗ್ದೇ ಇಲ್ಲ ನೀವು.”

“ತೆಗಿ. ಪೂರ್ತಿ ಓಡ್ಸು.” ಎಂದ ಅವನು.

ಈ ಸಲ ಮೂವತ್ತೇಳು ಟ್ಯಾಂಕು ಬಂದವು. ಮೂರನೆಯದೇ ಅವನ ಬೀದಿಯದು.

ಮತ್ತೆ ಮನೆಗೆ ಫೋನು ಮಾಡಿದ.

“ಮೆತ್ತಗೆ ಮಾತಾಡ್ರೀ,” ಎಂದಳು ಹೆಂಡತಿ. “ಎರಡು ಲೋಟ ಕುಡಿದು ಈಗ್ತಾನೆ ಕಣ್ಮುಚ್ಚಿದಾಳೆ.”

ಫೋನನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಓಡಿದವನು, ಅದನ್ನು ಒಯ್ಯಲಿಕ್ಕೂ ಮತ್ತೆಂದೂ ಆ ಆಫೀಸಿಗೆ ಬರಲಿಲ್ಲ.