ಇತಿಹಾಸದಲ್ಲಿ ಈ ದಿನ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕರೆಂಟ್ ಹೊಡೆದು ಸಾಕಮ್ಮನ ಗಂಡ ಸತ್ತದ್ದು ಆರು ವರ್ಷದ ಹಿಂದೆ, ಡಿಸೆಂಬರ್ ಒಂಬತ್ತರ ಭಾನುವಾರ. ಅವನು ಅಲ್ಲಿನ ಎಲೆಕ್ಟ್ರಿಷಿಯನ್. ಅಂದು ರಜೆ, ಯಾರನ್ನೂ ಕೆಲಸಕ್ಕೆ ಕರೆದಿರಲಿಲ್ಲ, ಅವನೇ ಬೀಗ ತೆಗೆದು ಒಳಗೆ ಹೋಗಿದ್ದ ಎಂದು ಕಾಲೇಜು ಕೋರ್ಟಿನಲ್ಲಿ ಹೇಳುತ್ತಲೇ ಬಂದಿತ್ತು. ಅಲ್ಲವೆನ್ನಲು ಅವಳ ಬಳಿ ಸಾಕ್ಷಿ ಇರಲಿಲ್ಲ. ಈಗ ಅವಳು ಕಂಟ್ರಾಕ್ಟರ್ ಕಡೆಯಿಂದ ಅದೇ ಲ್ಯಾಬ್ ಗುಡಿಸುತ್ತಿದ್ದಳು. ವಿಭಾಗದ ಮುಖ್ಯಸ್ಥರು ಅವಳ ಹೆಸರು ಕೇಳಿರಲಿಲ್ಲ.

ಈ ಡಿಸೆಂಬರ್ ಒಂಬತ್ತರಂದು ಅವರು ಬಾಗಿಲ ಪಕ್ಕದ ಬೋರ್ಡಿನಲ್ಲಿ 'ಕಂಪ್ಯೂಟರ್ ಇತಿಹಾಸದಲ್ಲಿ ಈ ದಿನ' ಎಂದು ಬರೆಯುತ್ತಿದ್ದರು. ಮೌಸನ್ನು ಮೊದಲ ಸಲ ಜನರ ಮುಂದೆ ತೋರಿಸಿದ್ದು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಹುಟ್ಟಿದ್ದು.

"ಎಲ್ಲಾ ಅಮೆರಿಕದ್ದೇನಾ ಸರ್?" ಸಾಕಮ್ಮ ಕೇಳಿದಳು.

"ಮತ್ತೇನು, ನಿಮ್ಮೂರಲ್ಲಿ ಕಂಡುಹಿಡಿದ್ರಾ?"

"ನಮ್ ಕಾಲೇಜಲ್ಲಿ ಈ ದಿನ ಏನೂ ಆಗಿಲ್ವಾ ಸರ್?"

ಅವರು ಯೋಚಿಸಿದರು. ಮುಖ ಅರಳಿತು.

"ಆಗಿದೆ ಕಣಮ್ಮ. ನಮ್ ಸರ್ವರ್ ಶುರುವಾಗಿದ್ದು ಇದೇ ದಿನ. ಭಾನುವಾರ ಅಂತ ಎಲ್ಲಾ ಗೊಣಗಿದ್ರು. ನಾನು ಬಿಡ್ಲಿಲ್ಲ."

"ಅದನ್ನೂ ಬರೀರಿ ಸರ್. ಹುಡುಗ್ರು ಓದ್ಲಿ."

ಮೊದಲೆರಡಕ್ಕಿಂತ ದೊಡ್ಡ ಅಕ್ಷರದಲ್ಲಿ, ಆರು ವರ್ಷದ ಹಿಂದಿನ ಇಸವಿ ಸಮೇತ ಬರೆದರು: 'ಭಾನುವಾರವೂ ಎಲ್ಲ ಸಿಬ್ಬಂದಿಯನ್ನು ಕರೆಸಿ ನಮ್ಮ ಸರ್ವರ್ ಆರಂಭಿಸಿದ್ದು.'

"ಮಾಡ್ಸಿದ್ದು ಯಾರು ಅಂತ ಗೊತ್ತಾಗ್ಬೇಕಲ್ಲ ಸರ್."

ಕೆಳಗೆ ಸಹಿ ಹಾಕಿದರು.

"ಹಾಗೇ ನಿಂತ್ಕೊಳ್ಳಿ ಸರ್, ಒಂದು ಫೋಟೋ."

ಅವರು ಅಂಗಿ ಸರಿಮಾಡಿಕೊಂಡು ಬೋರ್ಡಿನ ಪಕ್ಕ ನಿಂತರು. ಸಾಕಮ್ಮ ಫೋಟೋ ತೆಗೆದು ತನ್ನ ಲಾಯರಿಗೆ ಕಳಿಸಿ, ಉಳಿದರ್ಧ ಲ್ಯಾಬ್ ಗುಡಿಸಿದಳು.