ಕಡೆಗೆ ಏರಿದ ಟ್ರಂಕು

"ಮೊದಲ ಇಳಸೂದನ್ನ ಕಡೀಕ ಏರಸ್ರಿ," ಎಂದು ಶಾಹಿಸ್ತಾ ಬೆಳಗಿನಿಂದ ಹಮಾಲರಿಗೆ ಹೇಳುತ್ತಲೇ ಇದ್ದಳು. ಲಕ್ಷ್ಮೇಶ್ವರದ ಮನೆ ಖಾಲಿಯಾಗಿತ್ತು. ಗದಗಿನ ಹೊಸ ಮನೆಯಲ್ಲಿ ಇಳಿದ ಕೂಡಲೇ ಅತ್ತೆಗೆ ಚಹಾ ಬೇಕು. ಅದಕ್ಕೇ ಕಪಾಟು, ಮಂಚ ಲಾರಿಯ ಒಳಗೆ ಹೋಗಿ, ಒಲೆ ಮತ್ತು ಚಹಾದ ಪಾತ್ರೆ ಅದರ ಹಿಂಬಾಗಿಲ ಹತ್ತಿರ ಕೂತಿದ್ದವು.

ಅಷ್ಟರಲ್ಲಿ ಗಂಡ ಶಾನವಾಜ, ಅವಳು ಅಸುಂಡಿಯ ತವರಿನಿಂದ ತಂದಿದ್ದ ಟ್ರಂಕನ್ನು ಮಂಚದ ಕೆಳಗಿಂದ ಎಳೆಸಿ, ಒಲೆಗಿಂತ ಈಚೆಗೆ ಇಡಿಸಿದ.

"ಅದರಾಗ ಬರೇ ನನ್ನ ಅರಿವಿ ಅದಾವ್ರಿ. ಅದಕ್ಕೇನ ಅವಸರ?" ಎಂದು ನಗುತ್ತಲೇ ಅವಳು ಟ್ರಂಕಿಗೆ ಹಗ್ಗ ಬಿಗಿದು ಗಂಟು ಹಾಕಿದಳು.

ಶಾನವಾಜ ಆ ಗಂಟನ್ನು ಒಮ್ಮೆ ಎಳೆದು ನೋಡಿ, ಡ್ರೈವರನ ಕಡೆ ತಿರುಗಿದ.

"ಮೊದಲ ಅಸುಂಡಿಗೆ ಹೊಡಿಯೋ. ಇಕೀನ್ನ ಅಲ್ಲಿ ಇಳಿಸಿ, ಮುಂದ ಗದಗಕ್ಕ ಹೋಗೂಣು."